ಮೂವತ್ತೆರಡು ಪದಗಳಿಗೆ ಹೆದರಬೇಕೆ?

(ಕೃಷ್ಣರಾಜಪೇಟೆಯಲ್ಲಿ ಸೇರಿದ್ದ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)



ಈ ತಾಲ್ಲೂಕಿನಿಂದ ಹೋಗಿ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುತ್ತಿರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಹಬ್ಬಕ್ಕೆ ಊರಿಗೆ ಬಂದಾಗ ಮೊದಲ ವರ್ಷದ ಎಂಜಿನಿಯರಿಂಗ್ ಓದುವ ಹುಡುಗನೋ ಹುಡುಗಿಯೋ ಹತ್ತಿರ ಬಂದು, "ಅಣ್ಣಾ, ಸಿ ಪ್ರೋಗ್ರಾಮಿಂಗ್ ತಲೆಗೇ ಹತ್ತುತ್ತಿಲ್ಲ" ಎಂದರೆ ನೀವು ಏನು ಹೇಳುತ್ತೀರಿ? ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ ಮಾತು: "ಮೊದಲು ಇಂಗ್ಲಿಷ್ ಸರಿ ಮಾಡಿಕೊ, ಆಮೇಲೆ ಪ್ರೋಗ್ರಾಮಿಂಗ್."

ಈ ಮಾತು ಸುಳ್ಳು. ಬರೀ ಸುಳ್ಳಲ್ಲ, ಮಕ್ಕಳ ಕಾಲಿಗೆ ಕಲ್ಲು ಕಟ್ಟುವ ಸುಳ್ಳು. ಅದನ್ನು ಬಿಡಿಸಿ ತೋರಿಸುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಕೃಷ್ಣರಾಜಪೇಟೆಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಎಂಜಿನಿಯರಿಂಗ್ ಎಂದರೆ ಮಂಡ್ಯ, ಮೈಸೂರು, ಹಾಸನ ಎಂದು ಹೊರಗೇ ಹೋಗಬೇಕಿತ್ತು. ಈಗ ಊರ ಬಾಗಿಲಲ್ಲೇ ಕಾಲೇಜಿದೆ. ಅಕ್ಕಿಹೆಬ್ಬಾಳಿನ ಹುಡುಗಿ ಬೆಳಿಗ್ಗೆ ಬಸ್ಸು ಹತ್ತಿ ಬಂದು ಓದಿ ಸಂಜೆ ಮನೆ ಸೇರಬಹುದು. ಇಂಥ ಸರ್ಕಾರಿ ಕಾಲೇಜುಗಳೆಲ್ಲ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, ಪಠ್ಯಕ್ರಮದಲ್ಲಿ ನಡೆಯುತ್ತವೆ. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಸಿವಿಲ್, ಮೆಕ್ಯಾನಿಕಲ್ ಎಂಬ ಭೇದವಿಲ್ಲದೆ ಮೊದಲ ವರ್ಷದವರೆಲ್ಲರೂ ಸಿ ಭಾಷೆ ಓದಬೇಕಿತ್ತು. 2022ರ ಪಠ್ಯಕ್ರಮದಲ್ಲಿ ಅದು "ಪ್ರಿನ್ಸಿಪಲ್ಸ್ ಆಫ್ ಪ್ರೋಗ್ರಾಮಿಂಗ್ ಯೂಸಿಂಗ್ ಸಿ" ಎಂಬ ಹೆಸರಿನಲ್ಲಿ ಇದೆ. ಹೆಸರು ಬದಲಾಯಿತು, ಒಳಗಿನ ಹೂರಣ ಹೆಚ್ಚು ಕಡಿಮೆ ಅದೇ.

ಈಗ ಲೆಕ್ಕಕ್ಕೆ ಬನ್ನಿ. ಡೆನಿಸ್ ರಿಚಿ ಎಂಬಾತ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದ ಆರಂಭದಲ್ಲಿ ಕಟ್ಟಿದ ಈ ಸಿ ಭಾಷೆಯಲ್ಲಿ ಇಂಗ್ಲಿಷ್ ಎಷ್ಟಿದೆ? ನಮ್ಮ ಪಠ್ಯಪುಸ್ತಕಗಳು ಪಟ್ಟಿ ಮಾಡುವ ಮೀಸಲು ಪದಗಳು 32. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್, ಹೀಗೆ ಮೂವತ್ತೆರಡು. ಮೊದಲ ಸೆಮಿಸ್ಟರ್ ದಾಟಲು ಅದರಲ್ಲಿ ಅರ್ಧ ಸಾಕು. ಜೊತೆಗೆ ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಎಂದು ನಾಲ್ಕಾರು ಫಂಕ್ಷನ್ ಹೆಸರು. ಅಷ್ಟೇ! ಕೆರೆ ಏರಿಯ ಪಕ್ಕದ ಬಯಲಲ್ಲಿ ಕ್ರಿಕೆಟ್ ಆಡುವ ಹುಡುಗ ನೋಬಾಲ್, ಎಲ್‌ಬಿಡಬ್ಲ್ಯು, ರನೌಟ್, ಓವರ್ ಥ್ರೋ ಎಂದು ಇದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಬಳಸುತ್ತಾನೆ. ಅದನ್ನು ಕಲಿಯಲು ಅವನೇನು ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋಗಿದ್ದನೆ? ಆಟದ ನಿಯಮ ಅವನಿಗೆ ಅವನ ಭಾಷೆಯಲ್ಲಿ ತಿಳಿಯಿತು, ಪದಗಳು ತಾವಾಗಿ ಅಂಟಿಕೊಂಡವು.

ಹಾಗಾದರೆ ಮಕ್ಕಳು ಎಡವುವುದು ಎಲ್ಲಿ? ಆ ಮೂವತ್ತೆರಡು ಪದಗಳ ಸುತ್ತ ಕಟ್ಟಿರುವ ವಿವರಣೆಯಲ್ಲಿ. ಪ್ರಶ್ನೆ ಇಂಗ್ಲಿಷ್, ಪಾಠ ಇಂಗ್ಲಿಷ್, ಕಂಪೈಲರ್ ಬೈಯುವುದು ಇಂಗ್ಲಿಷಿನಲ್ಲಿ, ವೈವಾದಲ್ಲಿ ಕೇಳುವುದೂ ಇಂಗ್ಲಿಷಿನಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಎರಡು ವರ್ಷ ಇಂಗ್ಲಿಷಿನಲ್ಲಿ ಉರುಹೊಡೆದು ಬಂದವರು ಇಲ್ಲೂ ಅದನ್ನೇ ಮಾಡುತ್ತಾರೆ. ಪ್ರೋಗ್ರಾಂ ಬಾಯಿಪಾಠ, ರೆಕಾರ್ಡ್ ಪುಸ್ತಕ ನಕಲು. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಕಂಠಪಾಠವಾದ ಪ್ರೋಗ್ರಾಂ ಬಂದರೆ ದೇವರು ದೊಡ್ಡವನು, ಬಾರದಿದ್ದರೆ ಬ್ಯಾಕ್.

ಒಂದು ಉದಾಹರಣೆಯನ್ನು ಪೂರ್ತಿ ಬಿಚ್ಚುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ. ವಿಟಿಯು ಲ್ಯಾಬಿನಲ್ಲಿ ವರ್ಷಗಳಿಂದ ಇರುವ ಒಂದು ಲೆಕ್ಕ ಇದು: ಕರೆಂಟು ಬಿಲ್ಲಿನ ಪ್ರೋಗ್ರಾಂ. ಮೊದಲ 200 ಯೂನಿಟ್‌ಗೆ ಯೂನಿಟ್ಟಿಗೆ 80 ಪೈಸೆ. ನಂತರದ 100 ಯೂನಿಟ್‌ಗೆ 90 ಪೈಸೆ. 300 ಮೀರಿದ ಪ್ರತಿ ಯೂನಿಟ್‌ಗೆ 1 ರೂಪಾಯಿ. ಮೀಟರ್ ಬಾಬ್ತು ಎಲ್ಲರಿಗೂ ಕನಿಷ್ಠ 100 ರೂಪಾಯಿ. ಒಟ್ಟು ಮೊತ್ತ 400 ರೂಪಾಯಿ ಮೀರಿದರೆ ಅದರ ಮೇಲೆ ಶೇಕಡಾ 15 ಸರ್‌ಚಾರ್ಜ್. (ಈ ದರದಲ್ಲಿ ಕರೆಂಟು ಕೊಡುವ ಪುಣ್ಯಾತ್ಮರು ಯಾರಿದ್ದಾರೋ ಕೇಳಬೇಡಿ, ಅದು ಲ್ಯಾಬಿನ ದರ!)

350 ಯೂನಿಟ್ ಉರಿಸಿದ ಮನೆಯ ಬಿಲ್ಲು ಹಾಕಿ ನೋಡೋಣ. 200 ಯೂನಿಟ್‌ಗೆ 160 ರೂಪಾಯಿ. ಮುಂದಿನ 100ಕ್ಕೆ 90. ಉಳಿದ 50ಕ್ಕೆ 50. ಕೂಡಿದರೆ 300. ಮೀಟರ್ ಬಾಬ್ತು 100 ಸೇರಿದರೆ 400. ಈಗ ಸರ್‌ಚಾರ್ಜ್ ಬೀಳುತ್ತದೆಯೋ ಇಲ್ಲವೋ? "ಮೀರಿದರೆ" ಎಂದಿದೆ. 400 ಮುಟ್ಟಿದೆ, ಮೀರಿಲ್ಲ. ಸರ್‌ಚಾರ್ಜ್ ಇಲ್ಲ. ಅದೇ ಮನೆಯಲ್ಲಿ ಇನ್ನೊಂದು ಯೂನಿಟ್ ಹೆಚ್ಚು ಉರಿಯಲಿ, 351. ಮೊತ್ತ 401. ಅದರ ಶೇಕಡಾ 15 ಎಂದರೆ 60 ರೂಪಾಯಿ 15 ಪೈಸೆ. ಬಿಲ್ಲು 461 ರೂಪಾಯಿ 15 ಪೈಸೆ. ಒಂದು ಯೂನಿಟ್ಟಿಗೆ 61 ರೂಪಾಯಿ ಚಿಲ್ಲರೆ ಏಟು!

ಪ್ರೋಗ್ರಾಮಿಂಗ್ ಎಂದರೆ ಈ ಗೆರೆಯನ್ನು ಗುರುತಿಸುವುದು. "ಹೆಚ್ಚು" ಎಂಬ ಚಿಹ್ನೆ ಹಾಕಬೇಕೋ, "ಹೆಚ್ಚು ಅಥವಾ ಸಮ" ಎಂಬ ಚಿಹ್ನೆ ಹಾಕಬೇಕೋ ಎಂಬ ಒಂದೇ ಚಿಹ್ನೆಯ ಜಗಳ ಅದು. ಬಾಯಿಪಾಠ ಮಾಡಿದವನಿಗೆ ಆ ಗೆರೆ ಕಾಣುವುದೇ ಇಲ್ಲ. "ಮುಟ್ಟಿದರೆ" ಬೇರೆ, "ಮೀರಿದರೆ" ಬೇರೆ ಎಂದು ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ, ಯಾರಿಗೆ ತಿಳಿಯುವುದಿಲ್ಲ? 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು ಎಂಬುದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅರ್ಥವಾಯಿತಲ್ಲ!

ಇನ್ನೂ ಸ್ವಾರಸ್ಯ ಇರುವುದು ಆ "ಮೀಟರ್ ಬಾಬ್ತು ಕನಿಷ್ಠ 100" ಎಂಬ ಸಾಲಿನಲ್ಲಿ. ಇಂಗ್ಲಿಷಿನಲ್ಲಿ ಅದು ಬಹಳ ಗಂಭೀರವಾಗಿ ಕೂತಿದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಕನ್ನಡದಲ್ಲಿ ಹೇಳಹೊರಟರೆ ತಕ್ಷಣ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲರ ಬಿಲ್ಲಿಗೂ 100 ಸೇರಿಸಬೇಕು ಎಂದು ಅರ್ಥವೆ? ಅಥವಾ ಬಿಲ್ಲು 100ಕ್ಕಿಂತ ಕಮ್ಮಿ ಬಂದವರಿಂದ 100 ವಸೂಲು ಮಾಡಬೇಕು ಎಂದೆ? 50 ಯೂನಿಟ್ ಉರಿಸಿದ ಮನೆಗೆ ಮೊದಲನೆಯದರ ಪ್ರಕಾರ 140 ರೂಪಾಯಿ, ಎರಡನೆಯದರ ಪ್ರಕಾರ 100 ರೂಪಾಯಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬರೆಸುವುದು ಮೊದಲನೆಯದನ್ನು. ಏಕೆ ಎಂದು ಕೇಳುವ ವಿದ್ಯಾರ್ಥಿ ಮಾತ್ರ ಪ್ರೋಗ್ರಾಮರ್ ಆಗುತ್ತಾನೆ. ನಿಮ್ಮ ಕಂಪನಿಗಳಲ್ಲಿ ಗಿರಾಕಿ ಬರೆದುಕೊಟ್ಟ ಒಂದು ಸಾಲಿಗೆ ಎರಡು ಅರ್ಥ ಇದೆಯೋ ಎಂದು ಕೆದಕುವುದಕ್ಕೇ ತಾನೆ ಅರ್ಧ ದಿನ ಮೀಟಿಂಗ್ ಮಾಡುವುದು? ಆ ಕೆದಕುವ ಬುದ್ಧಿ ಮನುಷ್ಯನಿಗೆ ತಾನು ಜಗಳವಾಡುವ ಭಾಷೆಯಲ್ಲಿ ಬಹಳ ಚುರುಕಾಗಿರುತ್ತದೆ. ಕನ್ನಡದಲ್ಲಿ ವಿವರಿಸಿ ಎಂದು ನಾನು ಕೇಳುವುದು ಮಕ್ಕಳ ಮೇಲಿನ ಕರುಣೆಗಾಗಿ ಎಂದು ಯಾರೂ ತಿಳಿಯಬೇಡಿ. ಲೆಕ್ಕ ಸರಿಯಾಗಿ ಬರಲಿ ಎಂಬುದಕ್ಕಾಗಿ.

ಇನ್ನೊಂದು ಮುಳ್ಳು. ಎಕ್ಸ್ ಸಮ ಎಕ್ಸ್ ಅಧಿಕ 1. ಸಿ ಭಾಷೆಯಲ್ಲಿ ಇದನ್ನು ಮೊದಲ ವಾರವೇ ಬರೆಸುತ್ತಾರೆ. ಹತ್ತನೇ ತರಗತಿಯಲ್ಲಿ ಬೀಜಗಣಿತವನ್ನು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿ ಇದನ್ನು ನೋಡಿ ಬೆಚ್ಚಿಬೀಳುತ್ತಾನೆ. ಒಂದು ಸಂಖ್ಯೆ ತನಗಿಂತ ಒಂದು ಹೆಚ್ಚಿರುವುದು ಹೇಗೆ ಸಾಧ್ಯ? ಬೆಚ್ಚಿಬಿದ್ದವನೇ ಜಾಣ. ಅವನಿಗೆ ಸಿಗುವ ಉತ್ತರ "ಇಟ್ ಈಸ್ ಅಸೈನ್‌ಮೆಂಟ್ ಆಪರೇಟರ್". ಇದು ಉತ್ತರವಾಯಿತೆ? ನಮ್ಮ ಹಳ್ಳಿಯ ಹಾಲಿನ ಡೇರಿಗೆ ಕರೆದುಕೊಂಡು ಹೋಗಿ ತೋರಿಸಿ. ಕ್ಯಾನು ಇದೆ. ಒಬ್ಬೊಬ್ಬರೇ ಬಂದು ಹಾಲು ಅಳೆದು ಸುರಿಯುತ್ತಾರೆ. ಕ್ಯಾನಿನಲ್ಲಿ ಇದ್ದ ಹಾಲಿಗೆ ಈ ಮನೆಯ ಹಾಲು ಸೇರಿ, ಅದೇ ಕ್ಯಾನಿನಲ್ಲಿ ಉಳಿಯುತ್ತದೆ. ಮೊದಲಿದ್ದದ್ದಕ್ಕೆ ಇಷ್ಟು ಸೇರಿಸಿ ಅದೇ ಪಾತ್ರೆಗೆ ಹಾಕು ಎಂಬುದೇ ಆ ಸಾಲಿನ ಅರ್ಥ. ಸಮ ಚಿಹ್ನೆ ಒಂದಿದ್ದರೆ "ಹಾಕು". ಎರಡು ಜೋಡಿಸಿದ್ದರೆ "ಸಮವೇ?" ಎಂಬ ಪ್ರಶ್ನೆ. ಕನ್ನಡದಲ್ಲಿ ಆಜ್ಞೆಗೂ ಪ್ರಶ್ನೆಗೂ ಇರುವ ವ್ಯತ್ಯಾಸ ಒಂದು "ಏ"ಕಾರದಲ್ಲಿ ಕಿವಿಗೇ ಕೇಳುತ್ತದೆ. ಇಫ್ ಒಳಗೆ ಎರಡರ ಬದಲು ಒಂದೇ ಚಿಹ್ನೆ ಬರೆದು ರಾತ್ರಿಯಿಡೀ ತಲೆ ಚಚ್ಚಿಕೊಳ್ಳದ ಪ್ರೋಗ್ರಾಮರ್ ಈ ಭೂಮಿಯ ಮೇಲಿಲ್ಲ. ಡೇರಿಯಲ್ಲೇ ಮುಂದುವರಿಯಿರಿ: ಸದಸ್ಯರ ಪಟ್ಟಿ ಎಂದರೆ ಅರೇ. ಒಬ್ಬೊಬ್ಬರ ಹೆಸರು, ಲೀಟರು, ಫ್ಯಾಟು ಸೇರಿದರೆ ಸ್ಟ್ರಕ್ಚರ್. ಬಟವಾಡೆಯ ದಿನ ಎಲ್ಲರ ಲೆಕ್ಕ ಹಾಕುವುದು ಫಾರ್ ಲೂಪ್. ಆಲೆಮನೆಗೆ ಬನ್ನಿ: ಪಾಕ ಬರುವ ತನಕ ಕುದಿಸು, ನಡುನಡುವೆ ಹದ ನೋಡು, ಬಂದರೆ ಇಳಿಸಿ ಅಚ್ಚಿಗೆ ಹೊಯ್ಯಿ. ಇದು ವೈಲ್ ಲೂಪ್. ಹದ ನೋಡುವುದನ್ನು ಮರೆತರೆ ಬೆಲ್ಲ ಸೀದುಹೋಗುತ್ತದೆ. ಪ್ರೋಗ್ರಾಂ ಆದರೆ ನಿಲ್ಲದೆ ತಿರುಗುತ್ತಲೇ ಇರುತ್ತದೆ.

ಇಲ್ಲೊಂದು ಎಚ್ಚರಿಕೆ ನಮ್ಮ ಕಡೆಯವರಿಗೂ ಹೇಳಬೇಕು. ಕನ್ನಡದಲ್ಲಿ ಕಲಿಸುತ್ತೇವೆ ಎಂದು ಹೊರಟು ಲೂಪಿಗೆ, ಫಂಕ್ಷನ್ನಿಗೆ, ಕಂಪೈಲರಿಗೆ ಬಾಯಲ್ಲಿ ಹೊರಳದ ಸಂಸ್ಕೃತ ಪದ ಟಂಕಿಸಿ ಪಂಡಿತರು ಮಕ್ಕಳ ಮುಂದೆ ಎರಡನೆಯ ಗೋಡೆ ಕಟ್ಟಬಾರದು. ಲೂಪ್ ಲೂಪೇ ಇರಲಿ. ಬಸ್ಸು, ಪೆನ್ನು, ಕ್ಯಾನು ನಮ್ಮವಾಗಿಲ್ಲವೆ? ಪದ ಅವರದಿದ್ದರೆ ಏನು, ವಾಕ್ಯ ನಮ್ಮದಾಗಲಿ.

ವಾಕ್ಯದ ಮಾತು ಬಂದಿದ್ದರಿಂದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇಂಗ್ಲಿಷಿನವರಿಗೆ "ಇಫ್" ಮೊದಲು ಬರುತ್ತದೆ. ನಮಗೆ ಷರತ್ತು ಮೊದಲು, "ರೆ" ಕೊನೆಗೆ: ಮೊತ್ತ ನಾನೂರು ಮೀರಿದ-ರೆ. ಹಾಗಾಗಿ ಸಿ ಬರೆಯುವಾಗ ಕನ್ನಡದ ತಲೆ ಒಂದು ಮಗುಚು ಹಾಕಬೇಕು. ಇದನ್ನು ಮೊದಲ ದಿನವೇ ಹೇಳಿಕೊಟ್ಟರೆ ಹತ್ತು ನಿಮಿಷದ ಕೆಲಸ, ಹೇಳದಿದ್ದರೆ ಒಂದು ಸೆಮಿಸ್ಟರಿನ ಗೋಳು. ಆದರೆ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿಗೆ ಬನ್ನಿ. ಅಲ್ಲಿ ಪೋಸ್ಟ್‌ಫಿಕ್ಸ್ ಎಂಬ ಲೆಕ್ಕ ಇದೆ. ಸಂಖ್ಯೆಗಳು ಮೊದಲು, ಮಾಡಬೇಕಾದ ಕೆಲಸ ಆಮೇಲೆ. ಐದು, ಮೂರು, ಕೂಡು. ಬಂದದ್ದು, ಎರಡು, ಗುಣಿಸು. ಆವರಣ ಚಿಹ್ನೆಯೇ ಬೇಡ. ಎಚ್‌ಪಿ ಕಂಪನಿ 1972ರಲ್ಲಿ ಮಾರಾಟಕ್ಕೆ ತಂದ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರ್ ಈ ಕ್ರಮದಲ್ಲೇ ಲೆಕ್ಕ ಮಾಡುತ್ತಿತ್ತು. ಇಂಗ್ಲಿಷಿನವರಿಗೆ ಇದು ತಿರುಗುಮುರುಗು. ನಮಗೋ, "ಐದಕ್ಕೆ ಮೂರು ಕೂಡು" ಎಂದು ಬಾಲ್ಯದಿಂದ ಆಡಿದ ಮಾತು! ಕ್ರಿಯಾಪದ ಕೊನೆಗೆ ಬರುವ ಭಾಷೆ ಆಡುವವರಿಗೆ ಯಂತ್ರದ ಈ ರೀತಿ ನೀರು ಕುಡಿದಷ್ಟು ಸಲೀಸು. ಯಾವ ಕ್ಲಾಸಿನಲ್ಲಾದರೂ ಇದನ್ನು ಹೇಳಿದ್ದು ನೀವು ಕೇಳಿದ್ದೀರಾ?

"ಕೆಲಸ ಸಿಗಲು ಇಂಗ್ಲಿಷ್ ಬೇಕಲ್ಲ ಸ್ವಾಮಿ?" ಬೇಕು. ಕಲಿಯಲಿ, ಚೆನ್ನಾಗಿ ಕಲಿಯಲಿ. ಆದರೆ ಈಜು ಕಲಿಸುವ ದಿನವೇ ಸೈಕಲ್ಲನ್ನೂ ಕಲಿ ಎಂದು ಹೇಮಾವತಿಗೆ ಸೈಕಲ್ ಸಮೇತ ತಳ್ಳುತ್ತಾರೆಯೆ? ಜಪಾನಿನ ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದ. ಅದರ ಮೀಸಲು ಪದಗಳು ಇಂಗ್ಲಿಷಿನವೇ. ವಿವರಣೆ, ಚರ್ಚೆ, ಪುಸ್ತಕ ಮಾತ್ರ ಮೊದಮೊದಲು ಬಹುತೇಕ ಜಪಾನಿ ಭಾಷೆಯಲ್ಲಿದ್ದವು. ಇಂಗ್ಲಿಷಿನಲ್ಲಿ ರೂಬಿಯ ದೊಡ್ಡ ಪುಸ್ತಕ ಬರುವಷ್ಟರಲ್ಲಿ ಐದಾರು ವರ್ಷ ಕಳೆದಿತ್ತು. ಆಮೇಲೆ ಇಡೀ ಜಗತ್ತು ಅದರ ಹಿಂದೆ ಬಂತು.

ನಮ್ಮಲ್ಲೂ ಮಾಡಿದವರು ಇದ್ದಾರೆ. ಡಾ. ಯು.ಬಿ. ಪವನಜ ಅವರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದರು. ಪರದೆಯ ಮೇಲಿನ ಆಮೆಗೆ ಕನ್ನಡದಲ್ಲೇ ಆಜ್ಞೆ ಕೊಟ್ಟು ಚಿತ್ರ ಬರೆಸಬಹುದು. ಅದಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿ ಬಂತು. ಎಷ್ಟು ಕನ್ನಡ ಶಾಲೆಗಳಲ್ಲಿ ಆ ಆಮೆ ಓಡಾಡಿತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿಗೆ ಬಾಗಿಲು ತೆರೆಯಿತು. ಭಾಲ್ಕಿಯ ಭೀಮಣ್ಣ ಖಂಡ್ರೆ ಕಾಲೇಜು ಮುಂದೆ ಬಂತು. ಸೀಟು ಕೇಳುವವರೇ ಇಲ್ಲದಂತಾಯಿತು. ಇದನ್ನು ತೋರಿಸಿ "ನೋಡಿದಿರಾ, ಕನ್ನಡ ಯಾರಿಗೂ ಬೇಡ" ಎನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಪದವಿ ಪತ್ರದ ಮೇಲೆ ಕನ್ನಡ ಮಾಧ್ಯಮ ಎಂದು ಬರೆದರೆ ಕೆಲಸ ಕೊಡುವವರು ಯಾರು ಎಂದು ತಂದೆತಾಯಿ ಹೆದರಿದರು, ಹೆದರಿದ್ದು ನ್ಯಾಯವೇ. ಪದವಿ ಇಂಗ್ಲಿಷಿನದೇ ಇರಲಿ. ಪಾಠದ ಮಧ್ಯೆ, ಲ್ಯಾಬಿನ ಮೇಜಿನ ಪಕ್ಕ, ಹಾಸ್ಟೆಲಿನ ಕೋಣೆಯಲ್ಲಿ ವಿವರಣೆ ಕನ್ನಡದಲ್ಲಿ ನಡೆಯಲಿ. ಅದಕ್ಕೆ ಯಾವ ಆದೇಶ ಬೇಕು? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಧ್ವನಿಯಲ್ಲಿ ಪಾಠಗಳಿವೆ. ಎಐಸಿಟಿಇ ಕನ್ನಡದಲ್ಲೂ ತಾಂತ್ರಿಕ ಪುಸ್ತಕಗಳನ್ನು ಪ್ರಕಟಿಸಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿದರೆ ಈಗ ಅವೂ ಕನ್ನಡದಲ್ಲಿ ವಿವರಿಸುತ್ತವೆ. ಪ್ರೋಗ್ರಾಂ ಕೂಡ ಬರೆದುಕೊಡುತ್ತವೆ. ಹಾಗಾಗಿ ಬಾಯಿಪಾಠದ ಪ್ರೋಗ್ರಾಮಿಗೆ ಇನ್ನು ಕಾಸಿನ ಬೆಲೆಯಿಲ್ಲ. ಅವು ಬರೆದದ್ದರಲ್ಲಿ ನಾನೂರರ ಗೆರೆ ಸರಿಯಿದೆಯೇ ಎಂದು ನೋಡಬಲ್ಲವನಿಗೆ ಮಾತ್ರ ಬೆಲೆ.

ಇದರಿಂದ ಕನ್ನಡಕ್ಕೇನು ಲಾಭ ಎಂದು ಕೇಳುವವರಿಗೆ ಒಂದು ಊರಿನ ಹೆಸರು ಹೇಳುತ್ತೇನೆ. ಕಿಕ್ಕೇರಿ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು, ಇದೇ ತಾಲ್ಲೂಕು. ಎಷ್ಟು ಅಕ್ಷರ? ಮೂರು ಎನ್ನುತ್ತೀರಿ. ಪೈಥಾನ್ ಭಾಷೆಯನ್ನು ಕೇಳಿ, ಎಂಟು ಎನ್ನುತ್ತದೆ: ಕ, ಅದರ ಗುಡಿಸು, ಕ, ವಿರಾಮ ಚಿಹ್ನೆ, ಕ, ಏಕಾರದ ಚಿಹ್ನೆ, ರ, ಗುಡಿಸು. ಯೂನಿಕೋಡ್ ಕನ್ನಡವನ್ನು ಹೀಗೆ ಬಿಡಿಸಿ ಇಟ್ಟುಕೊಳ್ಳುತ್ತದೆ. ಇನ್ನು ಮೊದಲ ವರ್ಷದ ಲ್ಯಾಬಿನಲ್ಲಿ ಪದದ ಉದ್ದ ಅಳೆಯಲು ನೀವೇ ಬರೆಯುವ ಸಿ ಪ್ರೋಗ್ರಾಮಿಗೆ ಅದೇ ಹೆಸರು ಕೊಟ್ಟರೆ 24 ಎನ್ನುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, ಎಂಟು ಮೂರಲೆ ಇಪ್ಪತ್ನಾಲ್ಕು. ಮೂರೂ ಉತ್ತರ ಸರಿ! ಯಾರೋ ಇದು ತಿಳಿಯದವನು ಅರ್ಜಿಯ ತಂತ್ರಾಂಶದಲ್ಲಿ ಊರಿನ ಹೆಸರಿಗೆ 20 ಬೈಟ್ ಸಾಕು ಎಂದು ಜಾಗ ಬಿಟ್ಟರೆ, ಇಂಗ್ಲಿಷಿನ ಇಪ್ಪತ್ತು ಅಕ್ಷರ ಆರಾಮಾಗಿ ಕೂರುತ್ತದೆ, ಮೂರಕ್ಷರದ ಕಿಕ್ಕೇರಿ ಕೂರುವುದಿಲ್ಲ. ಬಾಲ ಕತ್ತರಿಸಿಹೋಗುತ್ತದೆ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಅಕ್ಷರ, ಇಂಗ್ಲಿಷಿಗೆ 160 ಎಂಬ ಲೆಕ್ಕವೂ ಇದೇ ಜಾತಿಯದು. ಇದರ ವಿರುದ್ಧ ಬೀದಿಯಲ್ಲಿ ಘೋಷಣೆ ಕೂಗಬಹುದು. ಸರಿಪಡಿಸಬೇಕಾದವನು ಮಾತ್ರ ಪ್ರೋಗ್ರಾಂ ತಿಳಿದವನು, ಕಿಕ್ಕೇರಿಯನ್ನು ಕನ್ನಡದಲ್ಲಿ ಬರೆಯಲೇಬೇಕು ಎಂಬ ಹಟ ಇರುವವನು. ಆ ಇಬ್ಬರೂ ಒಬ್ಬನೇ ಆಗಬೇಕಾದರೆ ಅವನು ಮೊದಲ ಸೆಮಿಸ್ಟರಿನಲ್ಲಿ ಸೋತು ಕೂರಬಾರದು.

ಆದ್ದರಿಂದ ನಗರದಲ್ಲಿರುವ ನಿಮ್ಮಿಂದ ನಾನು ಕೇಳುವುದು ಸಣ್ಣ ಕೆಲಸ. ಕಂಪೈಲರ್ ಕೊಡುವ ದೂರುಗಳನ್ನು ಕನ್ನಡದಲ್ಲಿ ವಿವರಿಸಿ ಬರೆಯಿರಿ. ಜಿಸಿಸಿ ಕಂಪೈಲರಿನ ಸಂದೇಶಗಳನ್ನು ಬೇರೆ ಭಾಷೆಗೆ ತರುವ ಏರ್ಪಾಡು ಅದರೊಳಗೇ ಇದೆ. ಫ್ರೆಂಚ್, ಜರ್ಮನ್, ಜಪಾನಿ, ಚೀನಿ ಭಾಷೆಯವರು ಅದನ್ನು ಬಳಸಿಕೊಂಡಿದ್ದಾರೆ. ಒಟ್ಟು ಸಂದೇಶಗಳು ಸಾವಿರಾರು, ನಿಜ. ಮೊದಲ ವರ್ಷದವರಿಗೆ ಎದುರಾಗುವುದು ಇಪ್ಪತ್ತೋ ಮೂವತ್ತೋ. "ಎಕ್ಸ್‌ಪೆಕ್ಟೆಡ್ ಸೆಮಿಕೋಲನ್ ಬಿಫೋರ್ ರಿಟರ್ನ್" ಎಂದು ಬಂದರೆ ಹುಡುಗರು ರಿಟರ್ನ್ ಇರುವ ಸಾಲನ್ನೇ ಗಂಟೆಗಟ್ಟಲೆ ದಿಟ್ಟಿಸುತ್ತಾರೆ. ತಪ್ಪು ಇರುವುದು ಅದರ ಹಿಂದಿನ ಸಾಲಿನ ಕೊನೆಯಲ್ಲಿ. "ಅನ್‌ಡಿಕ್ಲೇರ್ಡ್" ಎಂದು ಬಂದರೆ ಪಾತ್ರೆ ಇಡದೆ ಹಾಲು ಸುರಿದಿದ್ದೀಯ ಎಂದರ್ಥ, ಇಲ್ಲವೇ ಹೆಸರಿನ ಕಾಗುಣಿತ ತಪ್ಪಿದೆ. ಇಷ್ಟಿಷ್ಟೇ ಬರೆದರೆ ಸಾಕು. ನಾಲ್ಕು ಜನ ಸೇರಿದರೆ ಎರಡು ಭಾನುವಾರದ ಕೆಲಸ. ಒಂದೇ ಹಾಳೆಯ ಎರಡೂ ಬದಿಗೆ ಹಿಡಿಸುವಂತೆ ಅಚ್ಚು ಹಾಕಿಸಿ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಮೊದಲ ವರ್ಷದ ಮಕ್ಕಳ ಕೈಗೆ ಮುಟ್ಟಿಸಿ. ಲ್ಯಾಬಿನ ಗೋಡೆಗೆ ಅಂಟಿಸಲು ಮೇಷ್ಟರ ಒಪ್ಪಿಗೆ ಕೇಳಿ. ಕೊಡದಿದ್ದರೆ ಮಕ್ಕಳು ರೆಕಾರ್ಡ್ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಳ್ಳುತ್ತಾರೆ.